ಬೆಲ್ಲದ ಬಣ್ಣ ಎಲ್ಲಿರುತ್ತದೆ

ಕಾಗವಾಡ ತಾಲ್ಲೂಕಿನ ಉಗಾರ ಖುರ್ದದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಕೃಷ್ಣೆಯ ದಂಡೆಯ ಒಂದೇ ಹೊಲದ ಕಬ್ಬು ಅರ್ಧ ಆ ಕಾರ್ಖಾನೆಗೆ, ಇನ್ನರ್ಧ ಊರ ಹೊರಗಿನ ಗಾಣಕ್ಕೆ ಹೋಯಿತೆಂದು ಇಟ್ಟುಕೊಳ್ಳಿ. ಕಾರ್ಖಾನೆಯಿಂದ ಬರುವುದು ಬೆಳ್ಳನೆಯ ಸಕ್ಕರೆ. ಗಾಣದಿಂದ ಬರುವುದು ಬೆಲ್ಲ. ಒಂದು ಕೊಪ್ಪರಿಗೆ ಹೊಂಬಣ್ಣಕ್ಕೆ ಬಂದರೆ ಇನ್ನೊಂದು ಕಂದಾಗುತ್ತದೆ, ಕೈ ತಪ್ಪಿದ ದಿನ ಕರ್ರಗೂ ಆಗುತ್ತದೆ. ಎರಡರಲ್ಲೂ ಹೆಚ್ಚಿನ ಪಾಲು ಒಂದೇ ವಸ್ತು, ಸುಕ್ರೋಸ್. ಆ ಸುಕ್ರೋಸಿನ ಹರಳಿಗೆ ಅಲ್ಲಿಯೂ ಬಣ್ಣವಿಲ್ಲ, ಇಲ್ಲಿಯೂ ಬಣ್ಣವಿಲ್ಲ.

ಹಾಗಾದರೆ ಬೆಲ್ಲದ ಬಣ್ಣ ಇರುವುದೆಲ್ಲಿ? ಒಂದಕ್ಕಿಂತ ಹೆಚ್ಚು ಸಾವಯವ ವಸ್ತುಗಳು ಕೂಡಿ ಹರಳುಗಟ್ಟಿದಾಗ ಬಣ್ಣ ಎಲ್ಲಿಂದ ಬರುತ್ತದೆ ಎಂಬುದು ರಸಾಯನ ವಿಜ್ಞಾನಿಗಳು ಇಂದಿಗೂ ಕೈಬಿಡದ ಪ್ರಶ್ನೆ. (ಸಾವಯವ ಎಂದರೆ ಇಲ್ಲಿ ಗೊಬ್ಬರದ ಮಾತಲ್ಲ, ಇಂಗಾಲದ ಸಂಯುಕ್ತಗಳ ಮಾತು.) ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಬೆಲ್ಲ ಕಾಯಿಸುವವರು ಅದೇ ಪ್ರಶ್ನೆಯನ್ನು ಹಂಗಾಮಿನುದ್ದಕ್ಕೂ ಕೊಪ್ಪರಿಗೆಯ ಮುಂದೆ ನಿಂತು ಬಿಡಿಸುತ್ತಾರೆ. ಅವರ ಬಳಿ ಉಷ್ಣಮಾಪಕ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಅವರ ಒಂದೊಂದು ಚಲನೆಗೂ ರಸಾಯನಶಾಸ್ತ್ರದಲ್ಲಿ ಒಂದು ಕಾರಣವಿದೆ. ಆ ಕಾರಣಗಳನ್ನು ಹಿಡಿದು ಹೋದರೆ ಕಸುಬಿನ ಮೇಲಿನ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೊದಲು ಬಿಳುಪಿನ ಲೆಕ್ಕ ಮುಗಿಸೋಣ. ಸಕ್ಕರೆಯ ಒಂದೇ ಒಂದು ದಪ್ಪ ಹರಳನ್ನು ಬೆಳಕಿಗೆ ಹಿಡಿದರೆ ಅದರ ಆಚೆಗಿನದೆಲ್ಲ ಕಾಣುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಹಾಲಿನಷ್ಟು ಬಿಳಿ. ಕುಟ್ಟಿದಾಗ ಹೊಸ ವಸ್ತುವೇನೂ ಸೇರಲಿಲ್ಲ. ಸೇರಿದ್ದು ಅಂಚುಗಳು ಮಾತ್ರ. ಸುಕ್ರೋಸ್ ಹರಳಿನ ವಕ್ರೀಭವನಾಂಕ ಸುಮಾರು 1.54, ಗಾಳಿಯದ್ದು 1. ಇಷ್ಟು ಅಂತರವಿರುವ ಎರಡು ಮಾಧ್ಯಮಗಳ ನಡುವಿನ ಪ್ರತಿ ಅಂಚಿನಲ್ಲೂ ಬೆಳಕು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಸ್ವಲ್ಪ ಅಡ್ಡ ತಿರುಗುತ್ತದೆ. ಸಾವಿರಾರು ಅಂಚುಗಳು ಸೇರಿ ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮನೆ ವಾಪಸು ಕಳಿಸಿದರೆ ಕಣ್ಣಿಗೆ ಅದು ಬಿಳಿ. ನಮ್ಮ ಸಕ್ಕರೆ ವ್ಯಾಪಾರದಲ್ಲಿ ಎಸ್-30, ಎಂ-30 ಎಂಬ ದರ್ಜೆಗಳಿವೆಯಲ್ಲ, ಅಲ್ಲಿ ಅಕ್ಷರ ಹೇಳುವುದು ಹರಳಿನ ಗಾತ್ರವನ್ನು, ಅಂಕಿ ಹೇಳುವುದು ಬಣ್ಣವನ್ನು. ಗಾತ್ರ ಮತ್ತು ಬಣ್ಣವನ್ನು ಜೋಡಿಯಾಗಿಯೇ ಹೇಳುವ ಈ ಪದ್ಧತಿ ನನಗೆ ಬಹಳ ಸರಿಯೆನಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದರ ಮಾತಾಡಿದರೆ ಕಣ್ಣು ಮೋಸ ಹೋಗುತ್ತದೆ.

ಬೆಲ್ಲದೊಳಗೆ ಇರುವುದು ಇನ್ನಷ್ಟು ದೊಡ್ಡ ಸಂಸಾರ. ನೂರಕ್ಕೆ 65ರಿಂದ 85ರಷ್ಟು ಸುಕ್ರೋಸ್. 10ರಿಂದ 15ರಷ್ಟು ಗ್ಲುಕೋಸ್ ಮತ್ತು ಫ್ರುಕ್ಟೋಸ್. ಉಳಿದದ್ದು ನೀರು, ಖನಿಜ, ಪ್ರೋಟೀನಿನ ಚೂರು, ಸಿಪ್ಪೆಯಿಂದ ಬಂದ ಒಗರು ವಸ್ತುಗಳು, ಕಾಯಿಸುವಾಗ ಹುಟ್ಟಿದ ಬಣ್ಣದ ಅಣುಗಳು. ಸುಕ್ರೋಸ್ ಸಣ್ಣ ಸಣ್ಣ ಹರಳುಗಳಾಗಿ ನಿಲ್ಲುತ್ತದೆ. ಮಿಕ್ಕವರೆಲ್ಲ ಆ ಹರಳುಗಳ ಸಂದಿಯಲ್ಲಿ ಅಂಟುಪಾಕವಾಗಿ ಉಳಿಯುತ್ತಾರೆ. ಕಾರ್ಖಾನೆಯಲ್ಲಿ ಈ ಪಾಕವನ್ನು ಗಿರಗಿರನೆ ತಿರುಗುವ ಜಾಲರಿ ಡಬ್ಬಿಗಳಲ್ಲಿ ಹಾಕಿ ಹೊರಗೆಸೆಯುತ್ತಾರೆ, ಅದೇ ಕಾಕಂಬಿ. ಗಾಣದಲ್ಲಿ ಈ ಪಾಕವನ್ನು ಎಸೆಯುವುದಿಲ್ಲ, ಅದು ಬೆಲ್ಲದ ಪೆಂಟಿಯೊಳಗೇ ಉಳಿಯುತ್ತದೆ. ಆದ್ದರಿಂದ ಬೆಲ್ಲದ ಬಣ್ಣ ಎರಡು ವಿಷಯಗಳ ಮೇಲೆ ನಿಂತಿದೆ: ಸಂದಿಯ ಪಾಕದಲ್ಲಿ ಯಾರು ಯಾರಿದ್ದಾರೆ, ಮತ್ತು ಹರಳು ಎಷ್ಟು ಸಣ್ಣದಾಗಿ, ಎಷ್ಟು ಒಣಗಿ ನಿಂತಿದೆ.

ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಒಣ ಅಂಗಿ ತಿಳಿಯಾಗಿ ಕಾಣುತ್ತದೆ, ಅದೇ ಅಂಗಿ ನೆನೆದರೆ ಗಾಢವಾಗುತ್ತದೆ. ನೀರಿಗೆ ಬಣ್ಣವಿಲ್ಲ, ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ಅದು ಬಂದು ಕೂತದ್ದರಿಂದ ಅಂಚುಗಳ ಚದುರಿಸುವ ಶಕ್ತಿ ಕುಗ್ಗಿತು, ಅಷ್ಟೇ. ಬೆಲ್ಲದಲ್ಲೂ ಹೀಗೆಯೇ. ಗಟ್ಟಿ ಪಾಕದ ವಕ್ರೀಭವನಾಂಕ 1.49ರ ಆಸುಪಾಸಿನದು, ಹರಳಿನ 1.54ಕ್ಕೆ ತೀರ ಸಮೀಪ. ಹರಳುಗಳ ಸಂದಿಯಲ್ಲಿ ಗಾಳಿಗೆ ಬದಲು ಪಾಕ ತುಂಬಿಕೊಂಡರೆ ಬೆಳಕು ಚದುರದೆ ಒಳಗೆ ಇಳಿಯುತ್ತದೆ. ಒಳಗೆ ಹೆಚ್ಚು ದೂರ ಓಡಾಡಿದಷ್ಟೂ ಬಣ್ಣದ ಅಣುಗಳ ಕೈಗೆ ಹೆಚ್ಚು ಸಿಗುತ್ತದೆ. ಮಳೆಗಾಲದಲ್ಲಿ ಪಸೆಯೊಡೆದ ಬೆಲ್ಲ ಒಂದೇ ವಾರದಲ್ಲಿ ಕಪ್ಪಿಟ್ಟಂತೆ ಕಾಣುವುದಕ್ಕೆ ಹೊಸ ಬಣ್ಣ ಹುಟ್ಟಿದ್ದೊಂದೇ ಕಾರಣವಲ್ಲ. ಅರ್ಧ ಕಾರಣ ಇದು.

ಈಗ ಗಾಣಕ್ಕೆ ಹೋಗೋಣ. ಅಲ್ಲಿಗೆ ಹೋಗುವ ಮೊದಲು ಹೊಲಕ್ಕೆ ಹೋಗಬೇಕು, ಏಕೆಂದರೆ ಪಳಗಿದ ಗುಳವ್ಯಾ (ಮರಾಠಿ ಬೆರೆತ ಈ ಸೀಮೆಯಲ್ಲಿ ಬೆಲ್ಲದ ಪಾಕ ನೋಡುವವನನ್ನು ಹೀಗೆ ಕರೆಯುತ್ತಾರೆ) ಮೊದಲು ಕೇಳುವುದೇ "ಯಾ ಹೊಲದ್ದ್ರೀ ಕಬ್ಬು?" ಎಂದು. ನದಿ ದಂಡೆಯ ಕಪ್ಪು ಮಣ್ಣಿಗೆ ವರ್ಷಗಟ್ಟಲೆ ನೀರು ಹಾಯಿಸಿ ಹಾಯಿಸಿ ಸವುಳಾದ ಹೊಲಗಳಿವೆ. ಅಂಥ ಹೊಲದ ರಸದಲ್ಲಿ ಉಪ್ಪಿನಂಶ ಹೆಚ್ಚು. ಬೆಲ್ಲ ಮೆತ್ತಗಾಗುತ್ತದೆ, ಗಾಳಿಯ ಪಸೆ ಹೀರುತ್ತದೆ, ಬಣ್ಣ ಕುಂದುತ್ತದೆ. ಯೂರಿಯಾ ಸುರಿದ ಹೊಲದ ಕಬ್ಬು ಎತ್ತರಕ್ಕೆ ಬೆಳೆಯುತ್ತದೆ, ತೂಕ ಕೊಡುತ್ತದೆ, ಆದರೆ ರಸದಲ್ಲಿ ಅಮೈನೋ ಆಮ್ಲಗಳು ಜಾಸ್ತಿ. ಕೊಪ್ಪರಿಗೆಯಲ್ಲಿ ಕಂದು ಬಣ್ಣ ಹುಟ್ಟಲು ಬೇಕಾದ ಎರಡು ಸಾಮಗ್ರಿಗಳಲ್ಲಿ ಇದು ಒಂದು. ತಳಿಯೂ ಲೆಕ್ಕಕ್ಕೆ ಬರುತ್ತದೆ. 1912ರಲ್ಲಿ ಶುರುವಾದ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ಹೊಸ ತಳಿ ಕೊಡುತ್ತ ಬಂದಿದೆ. ಅದರ ಕೋ 86032 ಇಂದು ಈ ಭಾಗದ ಹೊಲಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ. ತೊಗಟೆ ಕೆಂಪು ನೇರಳೆಯಾಗಿರುವ ಕಬ್ಬಾದರೆ ದಾಸವಾಳ, ನೇರಳೆ ಹಣ್ಣುಗಳಲ್ಲಿರುವಂಥದೇ ವರ್ಣದ್ರವ್ಯ ರಸಕ್ಕೂ ಇಳಿಯುತ್ತದೆ.

ಕಡಿದ ಕಬ್ಬು ಕಾಯಬಾರದು. ಒಂದು ದಿನ ದಾಟಿದರೆ ಕಬ್ಬಿನೊಳಗಿನ ಕಿಣ್ವವೇ ಸುಕ್ರೋಸನ್ನು ಗ್ಲುಕೋಸ್, ಫ್ರುಕ್ಟೋಸ್ ಆಗಿ ಒಡೆಯಲು ಶುರುಮಾಡುತ್ತದೆ. ಸಿಹಿ ಅಷ್ಟೇ ಇದ್ದೀತು, ಹರಳು ಕಟ್ಟುವ ಸಾಮಗ್ರಿ ಕಡಿಮೆಯಾಯಿತು. ಕಂದು ಬಣ್ಣಕ್ಕೆ ಬೇಕಾದ ಎರಡನೆಯ ಸಾಮಗ್ರಿ ಹೆಚ್ಚಾಯಿತು. ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಕಬ್ಬು ಒಣಗುವುದನ್ನು ನೋಡಿದವರಿಗೆ ಗಾಣದವನ ಈ ಅವಸರ ಅರ್ಥವಾಗುತ್ತದೆ.

ಹಿಂಡುವಾಗ ಎರಡು ಘಟನೆ ನಡೆಯುತ್ತವೆ. ಕಬ್ಬಿನ ಒಡಲು ಒಡೆದು ಒಗರು ವಸ್ತುಗಳು, ಅಂದರೆ ಫೀನಾಲ್‌ಗಳು, ಗಾಳಿಗೆ ಸಿಗುತ್ತವೆ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗಿಸುವ ಜಾತಿಯ ಕಿಣ್ವವೇ ಇಲ್ಲೂ ಇದೆ. ಅದು ಫೀನಾಲ್‌ಗಳಿಗೆ ಆಮ್ಲಜನಕ ಕೂಡಿಸಿ ಕಂದು ಮಾಡುತ್ತದೆ. ಎರಡನೆಯದು ಕಬ್ಬಿಣ. ಗಾಣದ ಉರುಳು ಕಬ್ಬಿಣದ್ದು, ರಸ ಹುಳಿಯದು, ಅದರ ಪಿಎಚ್ 5.2ರಿಂದ 5.5ರವರೆಗೆ. ಉರುಳನ್ನು ತೊಳೆಯದೆ ರಾತ್ರಿ ಬಿಟ್ಟರೆ ಬೆಳಗಿನ ಮೊದಲ ರಸ ಆ ತುಕ್ಕನ್ನು ಕರಗಿಸಿಕೊಂಡು ಬರುತ್ತದೆ. ಕಬ್ಬಿಣಕ್ಕೂ ಫೀನಾಲಿಗೂ ಗೆಳೆತನವಾದರೆ ಹುಟ್ಟುವುದು ಅಳಲೆಕಾಯಿ ಮಸಿಯ ಬಣ್ಣ. ಹಳೆಯ ಕಾಲದ ಶಾಯಿ ಮಾಡುತ್ತಿದ್ದದ್ದೇ ಹಾಗೆ, ಒಗರಿಗೆ ಕಬ್ಬಿಣದ ಲವಣ ಬೆರೆಸಿ. ಮೊದಲ ರಸದಿಂದ ಉರುಳು ತೊಳೆದು ಚೆಲ್ಲುವ ಗಾಣದವನನ್ನು ಕಂಡರೆ ದಂಡ ಮಾಡುತ್ತಾನೆ ಎನಿಸಬಹುದು. ಅವನು ಚೆಲ್ಲುತ್ತಿರುವುದು ಮಸಿಯನ್ನು.

ರಸ ಕೊಪ್ಪರಿಗೆಗೆ ಬೀಳುತ್ತದೆ. ಅಗಲವಾದ, ತಳ ತೆಳ್ಳನೆಯ, ಸಾವಿರ ಲೀಟರಿನ ಆಸುಪಾಸು ಹಿಡಿಯುವ ಪಾತ್ರೆ. ಒಲೆಗೆ ಹಾಕುವುದು ನಿನ್ನೆ ಮೊನ್ನೆ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ. ರಸ ಬಿಸಿಯೇರಿ 85 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಪ್ರೋಟೀನುಗಳು ಗಟ್ಟಿಯಾಗಿ, ಮಣ್ಣು, ಮೇಣ, ಹಸಿರು ಕಣಗಳನ್ನೆಲ್ಲ ಸುತ್ತಿಕೊಂಡು ಮೇಲೆ ಮಡ್ಡಿಯಾಗಿ ಏಳುತ್ತವೆ. ಎಲೆಯ ಹಸಿರು ನೀರಿನಲ್ಲಿ ಕರಗದ ವಸ್ತುವಾದ್ದರಿಂದ ಅದರ ಬಹುಪಾಲು ಇಲ್ಲೇ ಕಳಚಿಕೊಳ್ಳುತ್ತದೆ. ಝಾರಾ ಹಿಡಿದು ಮಡ್ಡಿ ತೆಗೆಯುವ ಈ ಹತ್ತು ಹದಿನೈದು ನಿಮಿಷಗಳಲ್ಲಿ ಆತುರ ಮಾಡಿದರೆ, ರಸ ಕುದಿಯಲು ಹತ್ತಿ, ಮಡ್ಡಿ ಒಡೆದು ಮತ್ತೆ ಒಳಗೇ ಬೆರೆಯುತ್ತದೆ. ಆಮೇಲೆ ಅದನ್ನು ಹಿಡಿಯಲು ಯಾರಿಂದಲೂ ಆಗದು.

ಮಡ್ಡಿ ಕೂಡಿಸಲು ಬೆಂಡಿ ಗಿಡದ ಅಂಟು. ಅದರ ಕಾಂಡ, ಬೇರು ಜಜ್ಜಿ ನೀರಲ್ಲಿ ನೆನೆಸಿ ಹಿಂಡಿದರೆ ಲೋಳೆ ಬರುತ್ತದೆ. ಉದ್ದುದ್ದ ಸರಪಳಿಯ ಆ ಅಣುಗಳು ತೇಲುವ ಕಣಗಳನ್ನು ಒಂದಕ್ಕೊಂದು ಕಟ್ಟುತ್ತವೆ. ಸಂತೆಗೆ ಕಾಯಿ ಮಾರಿ ಮುಗಿದ ಮೇಲೆ ಗಿಡ ಗಾಣಕ್ಕೆ ಬರುತ್ತದೆ.

ಸುಣ್ಣದ ಮಾತು ಹಾಗೆ ಎರಡು ಸಾಲಿನಲ್ಲಿ ಮುಗಿಯುವುದಲ್ಲ. ನನ್ನ ಲೆಕ್ಕದಲ್ಲಿ ಬೆಲ್ಲದ ಇಡೀ ವಿದ್ಯೆ ಆ ಒಂದು ಲೋಟ ಸುಣ್ಣದ ತಿಳಿಯಲ್ಲಿದೆ. ರಸ ಹುಳಿಯಾಗಿಯೇ ಕುದಿದರೆ ಆಮ್ಲವು ಸುಕ್ರೋಸನ್ನು ಒಡೆಯುತ್ತ ಹೋಗುತ್ತದೆ. ಬಣ್ಣ ತಿಳಿಯಾಗಿಯೇ ಇದ್ದೀತು, ಬೆಲ್ಲ ಗಟ್ಟಿಯಾಗದೆ ಬಕೆಟಿನಲ್ಲಿ ಅಂಬಲಿಯಂತೆ ಕೂರುತ್ತದೆ. ಸುಣ್ಣ ಹಾಕಿ ಪಿಎಚ್ 6 ದಾಟಿಸಿದರೆ ಒಡೆಯುವುದು ಬಹಳ ನಿಧಾನವಾಗುತ್ತದೆ, ಮಡ್ಡಿ ಚೆನ್ನಾಗಿ ಏಳುತ್ತದೆ, ಹರಳು ಗಟ್ಟಿ ಬರುತ್ತದೆ. ಇನ್ನೂ ಹಾಕಿದರೆ? ಗ್ಲುಕೋಸ್, ಫ್ರುಕ್ಟೋಸ್‌ಗಳು ಕ್ಷಾರದಲ್ಲಿ ತಾಳುವುದಿಲ್ಲ. ಚೂರಾಗಿ, ಆ ಚೂರುಗಳು ಮತ್ತೆ ಕೂಡಿ ಕಡುಕಂದಾಗುತ್ತವೆ. ಅದಕ್ಕೂ ಮೊದಲೇ ಫೀನಾಲ್‌ಗಳು ಬಣ್ಣ ಬದಲಿಸಿರುತ್ತವೆ.

ಅದು ಹೇಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ರಾಯಬಾಗ, ಅಥಣಿಯ ಹೊಲಗಳಲ್ಲಿ ಕಬ್ಬಿನ ಜೊತೆ ಅರಿಷಿಣವೂ ಬೆಳೆಯುತ್ತದೆ, ಸಾಂಗಲಿಯ ಪೇಟೆಗೆ ಹೋಗುತ್ತದೆ. ಅರಿಷಿಣಕ್ಕೆ ಸುಣ್ಣ ತಾಗಿದರೆ ಕೆಂಪೇಳುವುದು ಮನೆಮನೆಗೂ ಗೊತ್ತು. ಆರತಿಯ ತಟ್ಟೆಯ ಕೆಂಪು ನೀರು ಅದೇ. ಅರಿಷಿಣದ ಬಣ್ಣವಾದ ಕುರ್ಕ್ಯುಮಿನ್ ಕೂಡ ಫೀನಾಲ್ ಜಾತಿಯದು. ಸುಣ್ಣವು ಅದರ ತುದಿಯ ಹೈಡ್ರೋಜನ್ನನ್ನು ಕಿತ್ತುಕೊಂಡಾಗ ಉಳಿದ ಎಲೆಕ್ಟ್ರಾನುಗಳು ಅಣುವಿನ ಉದ್ದಕ್ಕೂ ಸಲೀಸಾಗಿ ಹರಿದಾಡುತ್ತವೆ. ಎಲೆಕ್ಟ್ರಾನಿಗೆ ಓಡಾಡುವ ಜಾಗ ದೊಡ್ಡದಾದಷ್ಟೂ ಅದನ್ನು ಎಬ್ಬಿಸಲು ಕಡಿಮೆ ಶಕ್ತಿಯ ಬೆಳಕು ಸಾಕು. ಮೊದಲು ನೇರಳೆ ನೀಲಿ ಬೆಳಕನ್ನು ಮಾತ್ರ ನುಂಗುತ್ತಿದ್ದ ಅಣು ಈಗ ಹಸಿರನ್ನೂ ನುಂಗುತ್ತದೆ. ನೀಲಿ ಕಳೆದ ಬಿಳಿ ಬೆಳಕು ಹಳದಿ. ಹಸಿರೂ ಕಳೆದರೆ ಕೆಂಪು. ಕಬ್ಬಿನ ರಸದ ಫೀನಾಲ್‌ಗಳಿಗೆ ಸುಣ್ಣ ತಾಗಿದಾಗ ನಡೆಯುವುದೂ ಇದೇ, ಅಷ್ಟು ಎದ್ದು ಕಾಣದಂತೆ, ತಿಳಿ ಹಳದಿಯಿಂದ ಗಾಢ ಹಳದಿಗೆ.

ಸಕ್ಕರೆ ಪ್ರಯೋಗಾಲಯದವರು ಈ ಗುಣವನ್ನೇ ಪತ್ತೇದಾರಿಗೆ ಬಳಸುತ್ತಾರೆ. ದ್ರಾವಣದ ಬಣ್ಣವನ್ನು 420 ನ್ಯಾನೋಮೀಟರಿನ ನೇರಳೆ ಬೆಳಕಿನಲ್ಲಿ ಅಳೆದು ಇಕುಮ್ಸಾ ಎಂಬ ಏಕಮಾನದಲ್ಲಿ ಹೇಳುವುದು ಅಂತರರಾಷ್ಟ್ರೀಯ ಪದ್ಧತಿ. ಶುದ್ಧೀಕರಿಸಿದ ಸಕ್ಕರೆಗೆ 45ಕ್ಕಿಂತ ಕಡಿಮೆ, ಕಚ್ಚಾ ಸಕ್ಕರೆಗೆ 600ರಿಂದ 1,200. ಒಂದೇ ಮಾದರಿಯನ್ನು ಹುಳಿಯಲ್ಲಿ ಒಮ್ಮೆ, ಕ್ಷಾರದಲ್ಲಿ ಒಮ್ಮೆ ಅಳೆದಾಗ ಬಣ್ಣ ಜಿಗಿದರೆ ಅದು ಕಬ್ಬಿನಿಂದಲೇ ಬಂದ ಫೀನಾಲಿನದು; ಜಿಗಿಯದಿದ್ದರೆ ಬೆಂಕಿಯಲ್ಲಿ ಹುಟ್ಟಿದ್ದು. ಬಣ್ಣದ ತವರುಮನೆ ಹೊಲವೋ ಒಲೆಯೋ ಎಂಬುದು ಹೀಗೆ ತಿಳಿದುಬಿಡುತ್ತದೆ.

ಒಲೆಯ ಬಣ್ಣ ಎರಡು ಬಗೆ. ಮೊದಲನೆಯದನ್ನು ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದ: ಗ್ಲುಕೋಸಿನಂಥ ಸಕ್ಕರೆಯೂ ಅಮೈನೋ ಆಮ್ಲವೂ ಬಿಸಿಯಲ್ಲಿ ಕೂಡಿ, ಹಂತಹಂತವಾಗಿ ಹಳದಿ, ಕಿತ್ತಳೆ, ಕಂದು ಅಣುಗಳಾಗುತ್ತವೆ. ರೊಟ್ಟಿಯ ಮೇಲಿನ ಕಂದು ಕಲೆ, ಹುರಿದ ಶೇಂಗಾದ ಬಣ್ಣ, ಬೆಲ್ಲದ ಘಮದ ಬಹುಪಾಲು ಎಲ್ಲವೂ ಇದರ ಕೊಡುಗೆ. ಯೂರಿಯಾ ಹೊಲದ ಕಬ್ಬು, ಕಡಿದು ಕಾಯಿಸಿದ ಕಬ್ಬು ಎರಡೂ ಇಲ್ಲಿ ಬಂದು ಲೆಕ್ಕ ಒಪ್ಪಿಸುತ್ತವೆ. ಎರಡನೆಯದು ಸಕ್ಕರೆ ತಾನೇ ಕರಕಾಗುವುದು. ಕೊಪ್ಪರಿಗೆಯ ಅಂಚಿಗೆ ಮೆತ್ತಿದ ಪಾಕ ಪಕ್ಕದ ಪಾಕಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ಅಲ್ಲೇ ಕರಕು ಹುಟ್ಟುತ್ತದೆ. ಉದ್ದ ಹಿಡಿಕೆಯ ಹುಟ್ಟಿನಿಂದ ಅಂಚನ್ನು ಬಿಡದೆ ಕೆರೆಯುವುದು ಅದಕ್ಕೇ.

ಎರಡೂವರೆ ಮೂರು ತಾಸು ಕುದಿದ ಮೇಲೆ ಕೊನೆಯ ಹಂತ. ನೀರು ಕಡಿಮೆಯಾದಂತೆ ಕುದಿಯುವ ಬಿಂದು ಮೇಲೇರುತ್ತದೆ. 105 ಡಿಗ್ರಿಯಲ್ಲಿ ಇಳಿಸಿದರೆ ಜೋನಿ ಬೆಲ್ಲ. 116ರಿಂದ 118ರಲ್ಲಿ ಪೆಂಟಿ ಕಟ್ಟುವ ಬೆಲ್ಲ. 120 ದಾಟಿಸಿ ತಿಕ್ಕಿದರೆ ಪುಡಿ ಬೆಲ್ಲ. ಉಕ್ಕಿ ಬರುವ ನೊರೆ ಇಳಿಸಲು ನಾಲ್ಕು ಹನಿ ಶೇಂಗಾ ಎಣ್ಣೆ. ದೊಡ್ಡ ಗುಳ್ಳೆ ಹೋಗಿ ಸಣ್ಣ ಗುಳ್ಳೆ ಬರುತ್ತದೆ, ಕುದಿತದ ಸದ್ದು ಬದಲಾಗುತ್ತದೆ. ಗುಳವ್ಯಾ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಕೊಪ್ಪರಿಗೆಯ ಬದಿಗೆ ಹೊಡೆಯುತ್ತಾನೆ. ಮೆತ್ತಿಕೊಂಡರೆ ಇನ್ನೂ ಆಗಬೇಕು. ಟಣ್ ಎಂದರೆ ಆಯಿತು. "ಬಂತ್ರೀ, ಇಳಸ್ರಿ" ಎಂಬ ಮಾತು ಹೊರಟ ಮೇಲೆ ಯಾರೂ ಒಂದು ಕ್ಷಣ ತಡೆಯುವುದಿಲ್ಲ. ಆ ಬಿಸಿಯಲ್ಲಿ ಕಂದು ಹುಟ್ಟುವ ವೇಗ ಎಷ್ಟಿರುತ್ತದೆಂದರೆ, ಬೇರೆಲ್ಲ ಸರಿ ಮಾಡಿದವನೂ ಈ ಎರಡು ನಿಮಿಷದಲ್ಲಿ ಕೆಡಿಸಬಲ್ಲ. ಬಿಸಿಯ ಡಿಗ್ರಿಯನ್ನು ಕಿವಿಯಿಂದ ಅಳೆಯುವ ಈ ವಿಧಾನ ನನಗೆ ಯಾವ ಉಪಕರಣಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಉಷ್ಣಮಾಪಕ ಪಾಕದ ಬಿಸಿಯನ್ನಷ್ಟೇ ಹೇಳುತ್ತದೆ; ಉಂಡೆಯ ಸದ್ದು ಆ ದಿನದ ಕಬ್ಬಿನ ಉಪ್ಪು, ಒಡೆದ ಸಕ್ಕರೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಗಟ್ಟಿತನವನ್ನೇ ಹೇಳುತ್ತದೆ.

ಇಳಿಸಿದ ಪಾಕವನ್ನು ಅಗಲ ಹಾಸಿನ ಮೇಲೆ ಹರಡಿ ಕಟ್ಟಿಗೆಯ ಹುಟ್ಟಿನಿಂದ ತಿರುವುತ್ತಾರೆ. ನೋಡನೋಡುತ್ತ ಪಾರದರ್ಶಕ ಕೆಂಪು ಪಾಕ ಮಬ್ಬಾಗಿ, ಹಳದಿಯಾಗಿ, ದಪ್ಪವಾಗುತ್ತದೆ. ಹೊರಗಿನಿಂದ ಏನನ್ನೂ ಬೆರೆಸಿಲ್ಲ, ಏನನ್ನೂ ತೆಗೆದಿಲ್ಲ. ಆದರೂ ಬಣ್ಣ ಕಣ್ಣೆದುರಿಗೇ ಬದಲಾಯಿತು. ತಿರುವಿದಾಗ ಏಕಕಾಲಕ್ಕೆ ಅಸಂಖ್ಯ ಸಣ್ಣ ಹರಳುಗಳು ಹುಟ್ಟಿದವು, ಜೊತೆಗೆ ಗಾಳಿಯ ಗುಳ್ಳೆಗಳೂ ಸಿಕ್ಕಿಬಿದ್ದವು. ಬೆಳಕು ಆಳಕ್ಕೆ ಇಳಿಯುವ ಮೊದಲೇ ಹಿಂದಕ್ಕೆ ಚಿಮ್ಮತೊಡಗಿತು. ತಿರುವದೆ ಹಾಗೇ ಬಿಟ್ಟರೆ ಹರಳುಗಳು ಕಡಿಮೆ, ಗಾತ್ರ ದೊಡ್ಡದು, ಬೆಲ್ಲ ಕಪ್ಪು ಮಿಂಚಿನದು. ಹದಕ್ಕೆ ಬಂದದ್ದನ್ನು ಒದ್ದೆ ಅರಿವೆ ಹಾಸಿದ ಬಕೆಟಿಗೆ ತುಂಬಿ ಬಡಿದರೆ ಪೆಂಟಿ. ನೂರು ಕೆಜಿ ಕಬ್ಬಿಗೆ ಹತ್ತರಿಂದ ಹನ್ನೆರಡು ಕೆಜಿ ಬೆಲ್ಲ.

ಇಲ್ಲಿ ಸ್ವಲ್ಪ ನಿಂತು ವಿಜ್ಞಾನಿಗಳ ಹರಳುಗಳ ಕಡೆ ನೋಡಬೇಕು. ಬೆಲ್ಲದಲ್ಲಿ ಸುಕ್ರೋಸ್ ಹರಳು ಪರಕೀಯರನ್ನು ಹೊರಗೇ ಇಡುತ್ತದೆ; ತನ್ನಂಥ ಅಣುವಿಗೆ ಮಾತ್ರ ಸಾಲಿನಲ್ಲಿ ಜಾಗ. ಬೇಗ ಬೆಳೆದ ಹರಳಿನೊಳಗೆ ಕೆಲವು ದೊಡ್ಡ ಬಣ್ಣದ ಅಣುಗಳು ಸಿಕ್ಕಿಬೀಳುವುದುಂಟು, ಆದರೆ ಅವು ಸಿಕ್ಕಿಬಿದ್ದವು, ಕರೆಸಿಕೊಂಡವಲ್ಲ. ಸಹಹರಳು ಹಾಗಲ್ಲ. ಅಲ್ಲಿ ಎರಡು ಬೇರೆ ಬೇರೆ ಅಣುಗಳು ಗೊತ್ತಾದ ಪ್ರಮಾಣದಲ್ಲಿ, ಗೊತ್ತಾದ ಜಾಗದಲ್ಲಿ ಕೂತು ಒಂದೇ ಹರಳಾಗುತ್ತವೆ. ಸುಕ್ರೋಸಿಗೂ ಅಂಥ ಸಂಗ ಒಗ್ಗುತ್ತದೆ: ಬೀವರ್ಸ್ ಮತ್ತು ಕಾಕ್ರನ್ ಸುಕ್ರೋಸಿನ ರಚನೆಯನ್ನು ಕ್ಷ-ಕಿರಣದಿಂದ ಬಿಡಿಸಿದ್ದು 1947ರಲ್ಲಿ, ಅದು ಸೋಡಿಯಂ ಬ್ರೋಮೈಡ್ ಮತ್ತು ನೀರಿನೊಂದಿಗೆ ಕೂಡಿ ಕಟ್ಟಿದ ಹರಳಿನಿಂದ. ಆದರೆ ಅದಕ್ಕೂ ಬಣ್ಣವಿಲ್ಲ. ಬಣ್ಣಕ್ಕೆ ಸಂಗವೊಂದೇ ಸಾಲದು.

ಏನು ಬೇಕೆಂದು 1844ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರ್ ತಯಾರಿಸಿದ ಕ್ವಿನ್‌ಹೈಡ್ರೋನ್ ತೋರಿಸುತ್ತದೆ. ಹೈಡ್ರೋಕ್ವಿನೋನ್ ಬಿಳಿ, ಬೆಂಜೋಕ್ವಿನೋನ್ ಹಳದಿ. ಎರಡನ್ನೂ ಸಮ ಪಾಲಿನಲ್ಲಿ ಕೂಡಿಸಿದರೆ ಬರುವ ಹರಳು ಲೋಹದ ಹೊಳಪಿನ ಕಡುಹಸಿರು. ಯಾವ ಅಣುವೂ ಮುರಿದಿಲ್ಲ. ಒಂದರ ಮೇಲೊಂದು ಹಾಳೆಗಳಂತೆ ಕೂತಾಗ, ಎಲೆಕ್ಟ್ರಾನ್ ಕೊಡಬಲ್ಲ ಅಣುವಿನಿಂದ ತೆಗೆದುಕೊಳ್ಳಬಲ್ಲ ಅಣುವಿಗೆ ಬೆಳಕಿನ ನೆರವಿನಿಂದ ಒಂದು ಎಲೆಕ್ಟ್ರಾನ್ ದಾಟಲು ಸಾಧ್ಯವಾಗುತ್ತದೆ. ಆ ದಾಟುವಿಕೆಗೆ ತಗಲುವ ಬೆಳಕೇ ಕಳೆದುಹೋಗುತ್ತದೆ. ಉಳಿದದ್ದು ನಮಗೆ ಕಾಣುವ ಬಣ್ಣ. ಅಮೆರಿಕದ ರಾಬರ್ಟ್ ಮಲಿಕನ್ 1950ರ ದಶಕದ ಮೊದಲಲ್ಲಿ ಇದಕ್ಕೆ ಲೆಕ್ಕ ಕಟ್ಟಿಕೊಟ್ಟ. ಹರಳನ್ನು ನೀರಲ್ಲಿ ಕರಗಿಸಿದರೆ ಇಬ್ಬರೂ ದೂರವಾಗುತ್ತಾರೆ, ಆ ಕಡುಹಸಿರು ಹೋಗಿಬಿಡುತ್ತದೆ. ಬಣ್ಣ ಇದ್ದದ್ದು ಇಬ್ಬರಲ್ಲೂ ಅಲ್ಲ, ನೆರೆತನದಲ್ಲಿ.

ಕೂರುವ ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ರಾಯ್ ಎಂಬ ಅಡ್ಡಹೆಸರಿನ ಒಂದು ಅಣುವಿದೆ. ಒಬ್ಬಂಟಿಯಾಗಿಯೇ ಹರಳುಗಟ್ಟಿದರೂ ಅಣುವಿನ ತಿರುಚು ಮತ್ತು ಜೋಡಣೆ ಬದಲಾದಂತೆ ಒಮ್ಮೆ ಕೆಂಪು, ಒಮ್ಮೆ ಕಿತ್ತಳೆ, ಒಮ್ಮೆ ಹಳದಿ ಹರಳಾಗುತ್ತದೆ. ಯಾವ ಅಣು ಯಾರ ಪಕ್ಕ ಹೇಗೆ ಕೂರುತ್ತದೆ ಎಂಬುದನ್ನು ಮೊದಲೇ ಯೋಚಿಸಿ ಹರಳು ಕಟ್ಟುವ ವಿದ್ಯೆಗೆ ಕ್ರಿಸ್ಟಲ್ ಎಂಜಿನಿಯರಿಂಗ್ ಎಂದು ಹೆಸರು. ಅದರ ಮೊದಲ ದೊಡ್ಡ ಗ್ರಂಥ 1989ರಲ್ಲಿ ಬರೆದ ಗೌತಮ್ ದೇಸಿರಾಜು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ನೆಲೆಸಿದರು. ಗಾಣದ ಕಬ್ಬಿಣ ಮತ್ತು ಒಗರಿನ ಕಪ್ಪೂ ಈ ಕುಟುಂಬಕ್ಕೆ ಸೇರಿದ್ದೇ: ಬೇರೆಯಾಗಿದ್ದಾಗ ಇಬ್ಬರೂ ಹೆಚ್ಚುಕಡಿಮೆ ತಿಳಿ, ಕೈಕೂಡಿದಾಗ ಎಲೆಕ್ಟ್ರಾನು ಅತ್ತಿಂದಿತ್ತ ದಾಟುತ್ತದೆ, ಮಸಿ. ಪ್ರಯೋಗಾಲಯದಲ್ಲಿ ನೆರೆಯವರನ್ನು ಹತ್ತಿರ ತರುವುದು ವಿದ್ಯೆಯಾದರೆ, ಗಾಣದಲ್ಲಿ ಅವರನ್ನು ದೂರವಿಡುವುದು ವಿದ್ಯೆ.

ದೂರವಿಡಲು ಒಂದು ಅಡ್ಡದಾರಿಯೂ ಇದೆ, ಹೈಡ್ರೋಸ್ ಪುಡಿ ಎಂಬ ಗಂಧಕ ಕೂಡಿದ, ಬಿಳುಪಿಸುವ ರಾಸಾಯನಿಕ. ಕುದಿಯುವ ಪಾಕಕ್ಕೆ ಒಂದು ಹಿಡಿ ಬಿದ್ದರೆ ಕಂದು ಕ್ಷಣದಲ್ಲಿ ಹಳದಿಯಾಗುತ್ತದೆ. ಅದು ಬಣ್ಣದ ಅಣುವನ್ನು ತೆಗೆಯುವುದಿಲ್ಲ. ಎಲೆಕ್ಟ್ರಾನು ಹರಿದಾಡುವ ಸರಣಿಗೆ ನಡುವೆ ಒಂದು ಬೇಲಿ ಹಾಕುತ್ತದೆ, ಅಷ್ಟೆ. ಗಾಳಿಯ ಆಮ್ಲಜನಕ ತಿಂಗಳುಗಳಲ್ಲಿ ಆ ಬೇಲಿಯನ್ನು ಕಿತ್ತು ಹಾಕುತ್ತದೆ, ಬಣ್ಣ ಮರಳುತ್ತದೆ. ಗಂಧಕದ ಶೇಷ ಮಾತ್ರ ಉಳಿದುಕೊಳ್ಳುತ್ತದೆ. ಬೆಲ್ಲದಲ್ಲಿ ಸಲ್ಫರ್ ಡಯಾಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಸುರಕ್ಷತೆಯ ನಿಯಮ. ಇದಕ್ಕೆ ಗಾಣದವರನ್ನಷ್ಟೇ ದೂರುವುದು ನ್ಯಾಯವಲ್ಲ. ಸವಾಲಿನ ಕಟ್ಟೆಯಲ್ಲಿ ಹಳದಿಗೆ ಹೆಚ್ಚು ದರ, ಕಂದಿಗೆ ಕಡಿಮೆ ದರ ಕೂಗುವವರು ನಾವು ಕೊಳ್ಳುವುದನ್ನು ನೋಡಿಯೇ ಕೂಗುತ್ತಾರೆ. ನಿಪ್ಪಾಣಿಯಿಂದ ನಲವತ್ತು ಕಿಲೋಮೀಟರು ದೂರದ ಕೊಲ್ಲಾಪುರದ ಬೆಲ್ಲಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಪೇಟೆಯಿಂದ ಗುಜರಾತಿಗೆ ಹೋಗುವ ಮಾಲಿಗೆ ತಿಳಿ ಹಳದಿಯೇ ಬೇಕು. ಗಡಿ ಈಚೆಯ ಗಾಣವೂ ಆ ದರದ ಗಾಳಿಯಲ್ಲೇ ಉಸಿರಾಡುತ್ತದೆ. ಈಗ ಕೆಲವರು ಕಂದು ಬೆಲ್ಲವೇ ಶುದ್ಧವೆಂದು ಹೊರಟಿದ್ದಾರೆ. ಅದೂ ಪೂರ್ತಿ ನಿಜವಲ್ಲ. ತೊಳೆಯದ ಉರುಳಿನ ಕಬ್ಬಿಣ, ಹೆಚ್ಚಾದ ಸುಣ್ಣ, ಕೆರೆಯದ ಅಂಚಿನ ಕರಕು ಕೂಡ ಕಂದನ್ನೇ ಕೊಡುತ್ತವೆ. ಹೊಸ ಕಬ್ಬು, ಸ್ವಚ್ಛ ಗಾಣ, ಬೆಂಡಿಯ ಲೋಳೆ, ಹದವಾದ ಸುಣ್ಣ, ಸಮಯಕ್ಕೆ ಇಳಿಸಿದ ಪಾಕ ಇಷ್ಟಿದ್ದರೆ ಯಾವ ಪುಡಿಯೂ ಇಲ್ಲದೆ ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆ.

ಅಂಗಡಿಯಲ್ಲಿ ಎರಡು ಪೆಂಟಿ ಮುಂದಿಟ್ಟಾಗ ಏನು ಮಾಡಬೇಕು? ಒಡೆದ ಮೈ ನೋಡಿ. ಒಳಗೆ ಕಣ ಮಿಂಚಬೇಕು, ಬೆರಳಿಗೆ ಅಂಟಬಾರದು. ಆಮೇಲೆ ಎರಡರಿಂದಲೂ ಒಂದೇ ತೂಕದ ಚೂರು ಮನೆಗೆ ತಂದು, ಒಂದೇ ಅಳತೆಯ ನೀರಿನ ಎರಡು ಗಾಜಿನ ಲೋಟಗಳಲ್ಲಿ ಕರಗಿಸಿ. ಹರಳು ಕರಗಿದೊಡನೆ ಅಂಚುಗಳೆಲ್ಲ ಮಾಯ, ಸಿಕ್ಕಿಕೊಂಡಿದ್ದ ಗಾಳಿಯೂ ಹೊರಗೆ. ತಿರುವಿದ ಕೈಚಳಕದಿಂದ ಬಂದ ಬಿಳುಪು ಲೆಕ್ಕದಿಂದ ಬಿಡುತ್ತದೆ. ಲೋಟದಲ್ಲಿ ಉಳಿದದ್ದು ಕಬ್ಬಿನಿಂದ ಮತ್ತು ಒಲೆಯಿಂದ ಬಂದ ಬಣ್ಣ ಮಾತ್ರ. ಪೆಂಟಿಯಾಗಿದ್ದಾಗ ಒಂದು ಹಳದಿ, ಇನ್ನೊಂದು ಕಂದು ಇದ್ದವು ನೀರಿನಲ್ಲಿ ಸರಿಸುಮಾರು ಒಂದೇ ಆದರೆ, ನೀವು ಹೆಚ್ಚು ದುಡ್ಡು ಕೊಟ್ಟದ್ದು ಸಣ್ಣ ಹರಳಿಗೆ.